ಅರಣ್ಯ ಹಕ್ಕು ಅರ್ಜಿ ಮತ್ತು ಉಪಗ್ರಹ ಚಿತ್ರ: ಜೊಯಿಡಾ ತಾಲ್ಲೂಕಿನ ಅರ್ಜಿದಾರರಿಗೆ ತಿಳುವಳಿಕೆ

ಕಾಳಿ ನದಿಯ ಉಗಮ ಪ್ರದೇಶವಾದ ಜೊಯಿಡಾ ತಾಲ್ಲೂಕು ಹಿಂದೆ ಸೂಪಾ ಎಂಬ ಹೆಸರಿನಿಂದ ಕರೆಯಲ್ಪಡುತ್ತಿತ್ತು. ತಾಲ್ಲೂಕಿನ ಬಹುಭಾಗ ಅರಣ್ಯದಿಂದ ಕೂಡಿದ್ದು, ಕುಣಬಿ, ಗೌಳಿ, ಸಿದ್ದಿ ಮುಂತಾದ ಸಮುದಾಯಗಳ ವಸತಿಗಳು ಅರಣ್ಯದ ನಡುವೆ ಚದುರಿಕೊಂಡಿವೆ. 2007ರಲ್ಲಿ ರಚಿತವಾಗಿ, 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಮರುನಾಮಕರಣಗೊಂಡ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವೂ ಈ ತಾಲ್ಲೂಕಿನಲ್ಲಿ ವ್ಯಾಪಿಸಿದೆ.

ಪರಿಶಿಷ್ಟ ಬುಡಕಟ್ಟುಗಳು ಮತ್ತು ಇತರೆ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಅಧಿನಿಯಮ, 2006ರ ಅಡಿಯಲ್ಲಿ ಅರ್ಜಿ ಸಲ್ಲಿಸುವವರಲ್ಲಿ ಉಪಗ್ರಹ ಚಿತ್ರದ ಬಗ್ಗೆ ಎರಡು ಬಗೆಯ ತಪ್ಪು ತಿಳುವಳಿಕೆಗಳು ಉಂಟಾಗಬಹುದು. ಚಿತ್ರವೊಂದಿದ್ದರೆ ಬೇರೆ ಸಾಕ್ಷ್ಯ ಬೇಡವೆಂಬುದು ಒಂದು. ಚಿತ್ರದಲ್ಲಿ ಜಮೀನು ಕಾಣದಿದ್ದರೆ ಹಕ್ಕೇ ಇಲ್ಲವೆಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಇದಕ್ಕೆ ಕಾರಣಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಸಂಶೋಧನೆಯಲ್ಲಿ ಉಪಗ್ರಹ ಚಿತ್ರದ ಬಳಕೆ

ಉತ್ತರ ಕನ್ನಡ ಜಿಲ್ಲೆಯ ಅರಣ್ಯ, ನದಿ ಮತ್ತು ಜಮೀನಿನ ಬಳಕೆಯ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದೀರ್ಘಕಾಲದಿಂದ ಅಧ್ಯಯನ ನಡೆಸಿದ್ದಾರೆ. 1970ರ ದಶಕದಿಂದ ಈಚಿನ ಲ್ಯಾಂಡ್‌ಸ್ಯಾಟ್ ಮತ್ತು ಭಾರತೀಯ ದೂರಸಂವೇದಿ ಉಪಗ್ರಹಗಳ ಚಿತ್ರಗಳನ್ನು ಹೋಲಿಸಿ, ಜಿಲ್ಲೆಯಲ್ಲಿ ನಿತ್ಯಹರಿದ್ವರ್ಣ ಅರಣ್ಯದ ಪ್ರಮಾಣ ಗಣನೀಯವಾಗಿ ಇಳಿದಿರುವುದನ್ನು ಅವರು ದಾಖಲಿಸಿದ್ದಾರೆ. ನೀರಿನ ಮೂಲಗಳ ರಕ್ಷಣೆ, ವನ್ಯಜೀವಿ ಸಂಚಾರ ಮಾರ್ಗಗಳ ಗುರುತಿಸುವಿಕೆ ಹಾಗೂ ಸುಸ್ಥಿರ ಅಭಿವೃದ್ಧಿಯ ಯೋಜನೆಗಳಿಗೆ ಇಂತಹ ಅಧ್ಯಯನಗಳು ಆಧಾರವಾಗುತ್ತವೆ.

ಆದರೆ ಸಂಶೋಧಕರು ಕೇಳುವ ಪ್ರಶ್ನೆಯೇ ಬೇರೆ, ಅರ್ಜಿದಾರರು ಉತ್ತರಿಸಬೇಕಾದ ಪ್ರಶ್ನೆಯೇ ಬೇರೆ. ಸುಮಾರು 10,291 ಚದರ ಕಿಲೋಮೀಟರ್ ವಿಸ್ತಾರದ ಇಡೀ ಜಿಲ್ಲೆಯಲ್ಲಿ ಯಾವ ಬದಲಾವಣೆಯಾಗಿದೆ ಎಂಬುದು ಸಂಶೋಧಕರ ಪ್ರಶ್ನೆ. ಒಂದು ಕುಟುಂಬ ಅರ್ಧ ಎಕರೆಯನ್ನು ಯಾವಾಗಿನಿಂದ ಸಾಗು ಮಾಡುತ್ತಿದೆ ಎಂಬುದು ಅರ್ಜಿದಾರರ ಪ್ರಶ್ನೆ. ಮೊದಲನೆಯದಕ್ಕೆ ಸಾಕಾಗುವ ಚಿತ್ರ ಎರಡನೆಯದಕ್ಕೆ ಸಾಕಾಗದೆ ಹೋಗಬಹುದು.

ಚಿತ್ರದಲ್ಲಿ ಎಷ್ಟು ಕಾಣುತ್ತದೆ?

ಉಪಗ್ರಹ ಚಿತ್ರವು ಸಣ್ಣ ಸಣ್ಣ ಚೌಕಗಳಿಂದ ಕೂಡಿರುತ್ತದೆ. ಸಾಮಾನ್ಯವಾಗಿ ಒಂದು ಚೌಕಕ್ಕಿಂತ ಚಿಕ್ಕದಾದ ವಸ್ತು ಪ್ರತ್ಯೇಕವಾಗಿ ಕಾಣುವುದಿಲ್ಲ.

1. 1972ರಲ್ಲಿ ಹಾರಿಸಲಾದ ಮೊದಲ ಲ್ಯಾಂಡ್‌ಸ್ಯಾಟ್‌ನ ಚೌಕ ಸುಮಾರು 80 ಮೀಟರ್. ಅಂದರೆ ಒಂದೂವರೆ ಎಕರೆಗೂ ಹೆಚ್ಚು ಜಾಗ ಒಂದೇ ಚುಕ್ಕೆಯಾಗಿರುತ್ತದೆ.
2. 1980ರ ದಶಕದ ಲ್ಯಾಂಡ್‌ಸ್ಯಾಟ್ ಚಿತ್ರಗಳ ಚೌಕ 30 ಮೀಟರ್. ಇದು ಸುಮಾರು 9 ಗುಂಟೆ.
3. 1995ರಲ್ಲಿ ಹಾರಿಸಲಾದ ಭಾರತದ ಐ.ಆರ್.ಎಸ್.-1ಸಿ ಉಪಗ್ರಹದ ಲಿಸ್-3 ಚಿತ್ರಗಳ ಚೌಕ 23.5 ಮೀಟರ್. ಇದು ಸುಮಾರು ಐದೂವರೆ ಗುಂಟೆ.
4. 2005ರ ಮೇ ತಿಂಗಳಿನಲ್ಲಿ ಹಾರಿಸಲಾದ ಕಾರ್ಟೋಸ್ಯಾಟ್-1ರ ಚೌಕ ಸುಮಾರು 2.5 ಮೀಟರ್.

ಇದರಿಂದ, ಮನೆಯ ಹಿತ್ತಲಿನಲ್ಲಿ ಗೆಡ್ಡೆಗೆಣಸು ಬೆಳೆಯುವ ನಾಲ್ಕೈದು ಗುಂಟೆ ಜಾಗ ಹಳೆಯ ಚಿತ್ರಗಳಲ್ಲಿ ಸುತ್ತಲಿನ ಕಾಡಿನೊಡನೆ ಬೆರೆತುಹೋಗುವುದು ಸಹಜವೆಂದು ತಿಳಿಯಬಹುದು.

ಮಲೆನಾಡಿನಲ್ಲಿ ಇನ್ನೂ ಎರಡು ತೊಡಕುಗಳಿವೆ. ಮಳೆಗಾಲದಲ್ಲಿ ಮೋಡ ಕವಿದಿರುವುದರಿಂದ ಬಳಕೆಗೆ ಯೋಗ್ಯವಾದ ಚಿತ್ರಗಳು ಬಹುತೇಕ ಬೇಸಿಗೆಯವು. ಆ ವೇಳೆಗೆ ಭತ್ತದ ಕೊಯ್ಲು ಮುಗಿದು ಗದ್ದೆ ಬರಿದಾಗಿ ಕಾಣುತ್ತದೆ. ಮರಗಳ ನೆರಳಿನಲ್ಲಿರುವ ಮನೆ ಮತ್ತು ಅಡಿಕೆ ತೋಟಗಳು ಮೇಲಿನಿಂದ ಮರಗಳಾಗಿಯೇ ಕಾಣುತ್ತವೆ. ಭಾರತೀಯ ಅರಣ್ಯ ಸರ್ವೇಕ್ಷಣೆಯು ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡಾ 10 ಅಥವಾ ಹೆಚ್ಚು ಮರಗಳ ಮೇಲ್ಛಾವಣಿ ಇರುವ ಜಾಗವನ್ನು ಒಡೆತನ ಹಾಗೂ ಬಳಕೆಯನ್ನು ನೋಡದೆ ಅರಣ್ಯ ಹೊದಿಕೆಯೆಂದು ಲೆಕ್ಕ ಹಾಕುತ್ತದೆ. ಆದುದರಿಂದ ನಕ್ಷೆಯಲ್ಲಿ ಹಸಿರು ಬಣ್ಣವಿದ್ದ ಮಾತ್ರಕ್ಕೆ ಅಲ್ಲಿ ಜನವಸತಿ ಅಥವಾ ಸಾಗುವಳಿ ಇಲ್ಲವೆಂದು ಹೇಳಲಾಗದು.

ಎರಡು ಕಾಲಾವಧಿಗಳು

ಅಧಿನಿಯಮದಲ್ಲಿ ಎರಡು ಪ್ರತ್ಯೇಕ ಷರತ್ತುಗಳಿದ್ದು, ಅರ್ಜಿದಾರರು ಇವುಗಳನ್ನು ಬೇರೆ ಬೇರೆಯಾಗಿಯೇ ಗಮನಿಸತಕ್ಕದ್ದು.

ಮೊದಲನೆಯದು, ಹಕ್ಕು ಕೋರುವ ಜಮೀನು 13-12-2005ಕ್ಕೆ ಮುಂಚಿನಿಂದ ಅರ್ಜಿದಾರರ ಸ್ವಾಧೀನದಲ್ಲಿರಬೇಕು. ಇದು ಎಲ್ಲ ಅರ್ಜಿದಾರರಿಗೂ ಅನ್ವಯಿಸುತ್ತದೆ. ಆ ದಿನಾಂಕಕ್ಕೆ ಹಿಂದಿನ, ಜಮೀನು ಸ್ಪಷ್ಟವಾಗಿ ಕಾಣುವ ಉಪಗ್ರಹ ಚಿತ್ರ ದೊರೆತಲ್ಲಿ ಅದು ಸಾಕ್ಷ್ಯಕ್ಕೆ ಬಲ ನೀಡುತ್ತದೆ.

ಎರಡನೆಯದು, ಪರಿಶಿಷ್ಟ ಪಂಗಡಕ್ಕೆ ಸೇರದ ಇತರೆ ಪಾರಂಪರಿಕ ಅರಣ್ಯವಾಸಿಗಳು 13-12-2005ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಾಗಿದ್ದು ಜೀವನೋಪಾಯಕ್ಕಾಗಿ ಅದನ್ನೇ ಅವಲಂಬಿಸಿದ್ದರೆಂದು ತೋರಿಸಬೇಕು. ಈ ಲೆಕ್ಕ 1930ರವರೆಗೆ ಹೋಗುತ್ತದೆ. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದೇ 1972ರಲ್ಲಿ. ಹೀಗಾಗಿ 75 ವರ್ಷದ ವಾಸವನ್ನು ಯಾವ ಉಪಗ್ರಹ ಚಿತ್ರವೂ ತೋರಿಸಲಾರದು. ಅದನ್ನು ದಾಖಲೆ ಮತ್ತು ಹಿರಿಯರ ಹೇಳಿಕೆಗಳಿಂದಲೇ ತೋರಿಸಬೇಕಾಗುತ್ತದೆ. 75 ವರ್ಷದ ಷರತ್ತು ವಾಸ ಮತ್ತು ಅವಲಂಬನೆಗೆ ಸಂಬಂಧಿಸಿದ್ದೇ ಹೊರತು ನಿರ್ದಿಷ್ಟ ಜಮೀನಿನ ಸಾಗುವಳಿಗೆ ಅಲ್ಲವೆಂಬುದನ್ನೂ ಗಮನಿಸತಕ್ಕದ್ದು.

ಜೊಯಿಡಾದಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ. 2003ರಲ್ಲಿ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಿಂದ ಉತ್ತರ ಕನ್ನಡದ ಸಿದ್ದಿ ಸಮುದಾಯ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಅದೇ ತಿದ್ದುಪಡಿಯಿಂದ ನೆರೆಯ ಗೋವಾದ ಕುಣಬಿ ಸಮುದಾಯವೂ ಆ ರಾಜ್ಯದ ಪಟ್ಟಿಗೆ ಸೇರಿತು. ಜೊಯಿಡಾದ ಕುಣಬಿಗಳು ಕರ್ನಾಟಕದ ಪಟ್ಟಿಗೆ ಆಗ ಸೇರಲಿಲ್ಲ. ಪಟ್ಟಿಯಲ್ಲಿಲ್ಲದ ಸಮುದಾಯದವರಿಗೆ 75 ವರ್ಷದ ಷರತ್ತು ಅನ್ವಯಿಸುತ್ತದೆ.

ನಿಯಮಗಳು ಏನು ಹೇಳುತ್ತವೆ?

2008ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳ 13ನೇ ನಿಯಮದಲ್ಲಿ ಸಾಕ್ಷ್ಯಗಳ ಪಟ್ಟಿ ಇದ್ದು, ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಒದಗಿಸಬೇಕಾಗುತ್ತದೆ. ಮುಖ್ಯವಾದವು:

1. ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟಲ್‌ಮೆಂಟ್ ವರದಿ, ನಕ್ಷೆ, ಉಪಗ್ರಹ ಚಿತ್ರ, ಅರಣ್ಯ ಕಾರ್ಯಯೋಜನೆ ಮುಂತಾದ ಸರ್ಕಾರಿ ದಾಖಲೆಗಳು.
2. ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ, ಮನೆ ತೆರಿಗೆ ರಸೀದಿ.
3. ಮನೆ, ಬಾವಿ, ಸ್ಮಶಾನ, ದೇವಸ್ಥಾನ, ಜಮೀನಿನ ಸಮತಟ್ಟು ಮಾಡಿದ ಗುರುತುಗಳು.
4. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಮತ್ತು ವಂಶಾವಳಿ.
5. ಹೆಸರಾಂತ ಸಂಸ್ಥೆಗಳು ಮಾಡಿದ, ಸಮುದಾಯದ ರೂಢಿ ಸಂಪ್ರದಾಯಗಳನ್ನು ದಾಖಲಿಸುವ ಸಂಶೋಧನಾ ಅಧ್ಯಯನಗಳು.

2012ರ ತಿದ್ದುಪಡಿಯಿಂದ ಸೇರಿಸಲಾದ 12-ಎ ನಿಯಮವು, ಉಪಗ್ರಹ ಚಿತ್ರ ಮತ್ತು ಇತರ ತಂತ್ರಜ್ಞಾನಗಳು ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಗೆ ಬಳಸುವಂತಿಲ್ಲವೆಂದು ಸ್ಪಷ್ಟಪಡಿಸಿದೆ. ಚಿತ್ರ ಇಲ್ಲದಿರುವುದು ಅಥವಾ ಅದರಲ್ಲಿ ಸಾಗುವಳಿ ಕಾಣದಿರುವುದು ಮಾತ್ರವೇ ಇತರ ಸಾಕ್ಷ್ಯಗಳನ್ನು ತಳ್ಳಿಹಾಕಲು ಕಾರಣವಾಗದು.

ಜಿ.ಪಿ.ಎಸ್. ಅಳತೆಯ ಸಮಯದಲ್ಲಿ

ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಉಪಕರಣದಲ್ಲಿ ಬಯಲಿನಲ್ಲಿಯೂ ಕೆಲವು ಮೀಟರ್‌ಗಳ ವ್ಯತ್ಯಾಸ ಬರುವುದುಂಟು. ದಟ್ಟ ಮರಗಳ ಕೆಳಗೆ ಮತ್ತು ಆಳವಾದ ಕಣಿವೆಗಳಲ್ಲಿ ಇದು ಹೆಚ್ಚುತ್ತದೆ. ಉದಾಹರಣೆಗೆ, 20 ಗುಂಟೆಯ ಚೌಕಾಕಾರದ ಜಮೀನಿನ ನಾಲ್ಕೂ ಗಡಿಗಳು 5 ಮೀಟರ್ ಒಳಕ್ಕೆ ದಾಖಲಾದರೆ ಅದು ಸುಮಾರು 12 ಗುಂಟೆಯಾಗಿ, ಹೊರಕ್ಕೆ ದಾಖಲಾದರೆ ಸುಮಾರು 30 ಗುಂಟೆಯಾಗಿ ತೋರುತ್ತದೆ. ಆದ್ದರಿಂದ ಸ್ಥಳ ಪರಿಶೀಲನೆಯ ದಿನ ಅರ್ಜಿದಾರರು ತಪ್ಪದೆ ಹಾಜರಿದ್ದು, ಗಡಿಯ ಪ್ರತಿ ತಿರುವಿನಲ್ಲಿಯೂ ಬಿಂದುವನ್ನು ದಾಖಲಿಸಿರುವುದನ್ನು ನೋಡಿಕೊಳ್ಳುವುದು, ಅಕ್ಕಪಕ್ಕದವರ ಸಮಕ್ಷಮದಲ್ಲಿ ಗಡಿ ಗುರುತುಗಳನ್ನು ತೋರಿಸುವುದು ಹಾಗೂ ಲೆಕ್ಕ ಹಾಕಿದ ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಕೇಳಿ ತಿಳಿದುಕೊಳ್ಳುವುದು ಸೂಕ್ತ. ವೈಯಕ್ತಿಕ ಹಕ್ಕು ವಾಸ್ತವವಾಗಿ ಸ್ವಾಧೀನದಲ್ಲಿರುವ ವಿಸ್ತೀರ್ಣಕ್ಕೆ ಸೀಮಿತವಾಗಿದ್ದು, ಗರಿಷ್ಠ ಮಿತಿ 4 ಹೆಕ್ಟೇರ್ ಆಗಿರುತ್ತದೆ.

ಅರ್ಜಿ ಮತ್ತು ಮೇಲ್ಮನವಿ

ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯ ಹಕ್ಕಿಗೆ ನಮೂನೆ ಬಿ, ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ನಮೂನೆ ಸಿ ನಿಗದಿಯಾಗಿವೆ. ಅರ್ಜಿಯು ಗ್ರಾಮ ಸಭೆ, ಉಪವಿಭಾಗ ಮಟ್ಟದ ಸಮಿತಿ ಮತ್ತು ಜಿಲ್ಲಾ ಮಟ್ಟದ ಸಮಿತಿಗಳ ಮೂಲಕ ಸಾಗುತ್ತದೆ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳ ಅರಣ್ಯಕ್ಕೂ ಅಧಿನಿಯಮ ಅನ್ವಯಿಸುತ್ತದೆ. ಹಕ್ಕುಗಳ ಪರಿಶೀಲನೆ ಪೂರ್ಣಗೊಳ್ಳುವವರೆಗೆ ಅರಣ್ಯವಾಸಿಗಳನ್ನು ಅವರ ಸ್ವಾಧೀನದಲ್ಲಿರುವ ಅರಣ್ಯ ಜಮೀನಿನಿಂದ ಹೊರಹಾಕುವಂತಿಲ್ಲವೆಂದು 4(5)ನೇ ಪ್ರಕರಣ ತಿಳಿಸುತ್ತದೆ.

ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳನ್ನು ಲಿಖಿತವಾಗಿ ಪಡೆಯತಕ್ಕದ್ದು. ಗ್ರಾಮ ಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ, ಆ ಸಮಿತಿಯ ನಿರ್ಣಯದ ವಿರುದ್ಧ ಜಿಲ್ಲಾ ಮಟ್ಟದ ಸಮಿತಿಗೆ 60 ದಿನಗಳೊಳಗೆ ಮನವಿ ಸಲ್ಲಿಸಬಹುದು. ಉಪಗ್ರಹ ಚಿತ್ರವೊಂದನ್ನೇ ಆಧರಿಸಿ ತಿರಸ್ಕರಿಸಲಾಗಿದ್ದಲ್ಲಿ, ಮನವಿಯಲ್ಲಿ 12-ಎ ನಿಯಮವನ್ನು ಉಲ್ಲೇಖಿಸಿ, ಚಿತ್ರದ ದಿನಾಂಕ ಮತ್ತು ಚೌಕದ ಅಳತೆಯನ್ನು ತಿಳಿಸುವಂತೆ ಕೋರಬಹುದು.

ಹಿರಿಯರ ಹೇಳಿಕೆಗಳನ್ನು ಅವರು ಇರುವಾಗಲೇ ಬರೆಸಿಟ್ಟುಕೊಳ್ಳಬೇಕಾಗುತ್ತದೆ. ಹಳೆಯ ಉಪಗ್ರಹ ಚಿತ್ರಗಳು ಸಂಗ್ರಹಾಗಾರಗಳಲ್ಲಿ ಮುಂದೆಯೂ ದೊರೆಯುತ್ತವೆ. ಆದರೆ 1930ರ ದಶಕದ ಊರನ್ನು ಕಂಡವರು ಅಥವಾ ಹೆತ್ತವರ ಬಾಯಿಂದ ಕೇಳಿ ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅರ್ಜಿದಾರರು ಈ ಕೆಲಸಕ್ಕೆ ಮೊದಲ ಆದ್ಯತೆ ನೀಡುವುದು ಹಿತಕರ.