ಮೂಗಿನ ತುದಿಯ ಸಿಟ್ಟಿಗೆ ಮೂಗುದಾರ ಹಾಕುವುದು ಹೇಗೆ?

ಬಾಳೂರು (ಮೂಡಿಗೆರೆ ತಾಲ್ಲೂಕು): ಕಾಫಿ ಕೊಯ್ಲಿನ ದಿನಗಳ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಕಣದಲ್ಲಿ ಹರಡಿದ ಕಾಫಿ ಇನ್ನೂ ಒಣಗಿಲ್ಲ. ಆಕಾಶದಲ್ಲಿ ಅಕಾಲಿಕ ಮೋಡ. ಬೆಳಗಿನಿಂದ ಕರೆಂಟಿಲ್ಲ, ಆಳುಗಳು ಸಾಲುತ್ತಿಲ್ಲ. ಕೊಯ್ದ ಹಣ್ಣಿನ ತೂಕ ನಡೆಯುತ್ತಿರುವಾಗ ಕಾರ್ಮಿಕ ಮಹಿಳೆಯೊಬ್ಬರು, ‘ನನ್ನ ಚೀಲದ ತೂಕ ಕಡಿಮೆ ಬಂತಲ್ಲ’ ಎನ್ನುತ್ತಾರೆ. ತೋಟದ ಮಾಲೀಕರ ಬಾಯಿಂದ ಆಡಬಾರದ ಮಾತೊಂದು ಹೊರಬೀಳುತ್ತದೆ. ಮರುದಿನ ಬೆಳಿಗ್ಗೆ ಇಡೀ ತಂಡ ಬೇರೆ ತೋಟದ ಜೀಪು ಹತ್ತಿರುತ್ತದೆ. ಹಣ್ಣು ಗಿಡದಲ್ಲಿಯೇ ಉಳಿದು ಉದುರತೊಡಗುತ್ತದೆ.

ಇದು ಯಾವುದೋ ಒಂದು ತೋಟದ ಕಥೆಯಲ್ಲ. ಕಾಫಿ ಸೀಮೆಯಲ್ಲಿ ಇಂತಹ ಸಂಜೆಗಳು ಅಪರೂಪವೂ ಅಲ್ಲ. ನಗರದ ಓದುಗರು ಕಣದ ಬದಲು ಕಚೇರಿಯನ್ನೋ, ಸಿಗ್ನಲ್ಲಿನಲ್ಲಿ ನಿಂತ ವಾಹನಗಳ ಸಾಲನ್ನೋ, ಮಗುವಿನ ಅಂಕಪಟ್ಟಿಯನ್ನೋ ಇಟ್ಟು ನೋಡಿದರೆ ಚಿತ್ರ ಬದಲಾಗುವುದಿಲ್ಲ. ಒಂದು ಕ್ಷಣದ ಸಿಟ್ಟು, ಹಲವು ದಿನಗಳ ನಷ್ಟ.

ಸಿಟ್ಟಿಗೆ ಮೇಲು ಕೀಳು ಗೊತ್ತು

‘ನನ್ನದು ಹುಟ್ಟುಗುಣ, ಸಿಟ್ಟು ಬಂದರೆ ನಾನು ನಾನಾಗಿರುವುದಿಲ್ಲ’ ಎಂಬುದು ಮುಂಗೋಪಿಗಳ ಸಾಮಾನ್ಯ ಸಮರ್ಥನೆ. ಆದರೆ ಅದೇ ಸಂಜೆಗೆ ಮರಳಿ ನೋಡಿ. ಕಾರ್ಮಿಕ ಮಹಿಳೆಯನ್ನು ಗದರಿದ ಮರುಕ್ಷಣವೇ ಬ್ಯಾಂಕಿನಿಂದ ಸಾಲದ ಕಂತಿನ ಬಗ್ಗೆ ಫೋನು ಬಂತೆಂದಿಟ್ಟುಕೊಳ್ಳಿ. ಆ ಮಾತು ಇನ್ನೂ ಕಹಿಯಾದುದು. ಆದರೂ ಮಾಲೀಕರ ದನಿ ತಗ್ಗುತ್ತದೆ, ‘ಸಾರ್, ಸ್ವಲ್ಪ ಸಮಯ ಕೊಡಿ’ ಎಂಬ ವಿನಯ ತಾನಾಗಿಯೇ ಬರುತ್ತದೆ.

ಅಂದರೆ ಕಡಿವಾಣ ನಮ್ಮ ಕೈಯಲ್ಲಿಯೇ ಇದೆ. ಮೇಲಿನವರ ಎದುರು ಅದನ್ನು ಬಿಗಿ ಹಿಡಿಯುತ್ತೇವೆ. ಹೆಂಡತಿ, ಮಕ್ಕಳು, ಆಳುಕಾಳುಗಳ ಎದುರು ಸಡಿಲ ಬಿಡುತ್ತೇವೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆ ಹೇಳುವುದೂ ಇದನ್ನೇ. ಮುಂಗೋಪವನ್ನು ಗೆಲ್ಲುವುದೆಂದರೆ ಇಲ್ಲದ ಶಕ್ತಿಯೊಂದನ್ನು ಹೊಸದಾಗಿ ಸಂಪಾದಿಸುವುದಲ್ಲ. ಬಲ್ಲಿದರೆದುರು ಬಳಸುವ ಸಂಯಮವನ್ನು ದುರ್ಬಲರೆದುರೂ ಬಳಸಲು ಕಲಿಯುವುದು, ಅಷ್ಟೆ.

ದೇಹದೊಳಗೆ ನಡೆಯುವುದೇನು?

ಅಪಾಯ ಅಥವಾ ಅವಮಾನದ ಸುಳಿವು ಸಿಕ್ಕೊಡನೆ ಮೆದುಳಿನ ಅಮಿಗ್ಡಲಾ ಎಂಬ, ಬಾದಾಮಿಯಾಕಾರದ ಪುಟ್ಟ ಭಾಗ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಮೇಲ್ಮೇಲಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹೋರಾಟಕ್ಕೋ ಪಲಾಯನಕ್ಕೋ ದೇಹ ಹೀಗೆ ಸಜ್ಜಾಗುವುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿಯೇ ವಿವರಿಸಿದ್ದರು. ಹಿಂದುಮುಂದು ಯೋಚಿಸುವ ಹೊಣೆ ಹೊತ್ತ ಮೆದುಳಿನ ಮುಂಭಾಗದ ಪದರ ತುಸು ನಿಧಾನಿ. ಅದು ಲೆಕ್ಕ ಹಾಕಿ ಮುಗಿಸುವ ಮೊದಲೇ ನಾಲಿಗೆ ತನ್ನ ಕೆಲಸ ಮುಗಿಸಿರುತ್ತದೆ.

ಇದರ ಬೆಲೆಯನ್ನು ಸಿಟ್ಟಾದವರೂ ತೆರುತ್ತಾರೆ. ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ಹಾರ್ವರ್ಡ್ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಿಟ್ಟಿನ ಸ್ಫೋಟದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಸುಮಾರು ಐದು ಪಟ್ಟು ಹೆಚ್ಚು. ಆರೋಗ್ಯವಂತರಲ್ಲಿ ಒಂದು ಬಾರಿಯ ಸಿಟ್ಟಿನಿಂದಾಗುವ ಅಪಾಯ ಚಿಕ್ಕದೇ. ಆದರೆ ಹೃದ್ರೋಗಿಗಳಿಗೆ, ದಿನಕ್ಕೆ ನಾಲ್ಕಾರು ಬಾರಿ ಸಿಡುಕುವವರಿಗೆ ಅದು ಚಿಕ್ಕದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 280 ಮಂದಿ ಭಾಗವಹಿಸಿದ್ದರು. ಸಿಟ್ಟು ತರಿಸಿದ ಘಟನೆಯೊಂದನ್ನು ಎಂಟೇ ನಿಮಿಷ ನೆನೆದವರಲ್ಲಿ, ರಕ್ತನಾಳಗಳು ಹಿಗ್ಗುವ ಸಾಮರ್ಥ್ಯ ಸುಮಾರು 40 ನಿಮಿಷಗಳವರೆಗೆ ಕುಂದಿತ್ತು.

ಕಾನೂನಿನ ಗಡಿಯಾರ

ಸಿಟ್ಟು ಮತ್ತು ಕೃತ್ಯದ ನಡುವಿನ ಅಂತರವನ್ನು ಕಾನೂನೂ ಅಳೆಯುತ್ತದೆ. ‘ಗಂಭೀರ ಹಾಗೂ ಹಠಾತ್ ಪ್ರಚೋದನೆ’ಯಿಂದ ನಡೆದ ಹತ್ಯೆಯನ್ನು ಕೊಲೆಗಿಂತ ಕಡಿಮೆ ತೀವ್ರತೆಯ ಅಪರಾಧವೆಂದು ಪರಿಗಣಿಸುವ ಅವಕಾಶ ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ಆದರೆ ಅದು ಸುಲಭದ ರಕ್ಷೆಯಲ್ಲ. 1959ರಲ್ಲಿ ಮುಂಬಯಿಯಲ್ಲಿ ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ಇದೇ ವಾದ ಮುಂದಿಟ್ಟಿದ್ದರು. ಅವರು ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟಿದ್ದರು. ಹತ್ಯೆ ನಡೆದದ್ದು 4.20ಕ್ಕೆ. ಸುಮಾರು ಮೂರು ಗಂಟೆಗಳ ಆ ಅವಧಿ ಸಂಯಮ ಮರಳಿ ಪಡೆಯಲು ಸಾಕಿತ್ತೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೆಲಸದ ವೇಳೆ ಕತ್ತಿ ಸದಾ ಕೈಯಲ್ಲಿರುವ ತೋಟದ ಸೀಮೆಯಲ್ಲಿ, ಬೇಲಿ ಜಗಳ, ನೀರಿನ ಜಗಳದ ಮಧ್ಯೆ ನಿಂತವರು ನೆನಪಿಡಬೇಕಾದ ತೀರ್ಪಿದು.

ಕಾರಿಕೊಂಡರೆ ಹಗುರವಾಗುವುದೇ?

‘ಒಳಗಿಟ್ಟುಕೊಂಡರೆ ಕೆಟ್ಟದ್ದು, ಕೂಗಾಡಿ ಹೊರಹಾಕಿಬಿಡಬೇಕು’ ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದ ವಿದ್ಯಾರ್ಥಿಗಳಿಗಿಂತ ಏನೂ ಮಾಡದೆ ಸುಮ್ಮನೆ ಕುಳಿತವರೇ ಬೇಗ ತಣ್ಣಗಾಗಿದ್ದರು. ಬುಷ್‌ಮನ್ ಮತ್ತು ಸೋಫಿ ಕ್ಯಾರ್ವಿಕ್ 2024ರಲ್ಲಿ 154 ಅಧ್ಯಯನಗಳನ್ನು ಪರಿಶೀಲಿಸಿದಾಗಲೂ ಫಲಿತಾಂಶ ಅದೇ: ದೀರ್ಘ ಉಸಿರಾಟ, ಧ್ಯಾನ, ಯೋಗದಂತಹ, ದೇಹದ ಕಾವನ್ನು ಇಳಿಸುವ ಕ್ರಮಗಳು ಸಿಟ್ಟನ್ನು ಇಳಿಸುತ್ತವೆ. ಓಟದಂತಹ, ಕಾವೇರಿಸುವ ಚಟುವಟಿಕೆಗಳು ಆ ಹೊತ್ತಿಗೆ ನೆರವಾಗುವುದಿಲ್ಲ. ಓಟ ಹೃದಯಕ್ಕೆ ಒಳ್ಳೆಯದು ನಿಜ; ಸಿಟ್ಟು ಬಂದ ಗಳಿಗೆಗೆ ಮದ್ದಲ್ಲ.

ಮಳೆಗೆ ಮುಂಚೆ ಚರಂಡಿ

ಈ ಕಡೆಯ ಬೆಳೆಗಾರರು ಮುಂಗಾರು ಕಾಲಿಡುವ ಮೊದಲೇ ತೋಟದ ಚರಂಡಿಗಳನ್ನು ಬಿಡಿಸುತ್ತಾರೆ. ಮಳೆ ಹಿಡಿದ ಮೇಲೆ ಗುದ್ದಲಿ ಹುಡುಕಿದರೆ ಮಣ್ಣು ಕೊಚ್ಚಿಹೋಗಿರುತ್ತದೆ. ಸಿಟ್ಟಿನ ನಿರ್ವಹಣೆಯೂ ಹಾಗೆಯೇ, ಪೂರ್ವಸಿದ್ಧತೆಯ ಕೆಲಸ. ಅಮೆರಿಕದ ರೇಮಂಡ್ ನೊವಾಕೊ 1975ರಲ್ಲಿ ರೂಪಿಸಿದ ಚಿಕಿತ್ಸಾ ಕ್ರಮದ ತಿರುಳೂ ಇದೇ: ಕೆರಳಿಸುವ ಸಂದರ್ಭಗಳನ್ನು ಮೊದಲೇ ಗುರುತಿಸಿ, ಶಾಂತವಾಗಿರುವಾಗಲೇ ಉತ್ತರವನ್ನು ಅಭ್ಯಾಸ ಮಾಡಿಟ್ಟುಕೊಳ್ಳುವುದು. ದಿನನಿತ್ಯಕ್ಕೆ ಒಗ್ಗುವ ಕೆಲವು ಕ್ರಮಗಳು ಇಲ್ಲಿವೆ.

* ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಹೊತ್ತು, ಯಾರ ಮೇಲೆ, ಯಾವ ಮಾತಿಗೆ ಸಿಟ್ಟು ಬಂತು? ಹಸಿವು, ನಿದ್ದೆಗೇಡು, ಮದ್ಯ ಅಲ್ಲಿದ್ದವೇ? ಬಹುತೇಕರ ಸಿಟ್ಟಿಗೆ ವೇಳಾಪಟ್ಟಿಯೇ ಇರುತ್ತದೆ.

* ನಿಮ್ಮ ದೇಹದ ಮುನ್ಸೂಚನೆ ತಿಳಿದಿರಲಿ. ಕಿವಿ ಬಿಸಿಯಾಗುವುದು, ಹಲ್ಲು ಕಚ್ಚುವುದು, ದನಿ ಏರುವುದು. ಅದು ಕಂಡೊಡನೆ ಕೈಯಲ್ಲಿರುವುದನ್ನು ಕೆಳಗಿಡಿ, ಕತ್ತಿಯಾಗಲಿ, ಮೊಬೈಲಾಗಲಿ. ವಾಹನದಲ್ಲಿದ್ದರೆ ಬದಿಗೆ ನಿಲ್ಲಿಸಿ.

* ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡಿ. ಎರಡು ಮೂರು ನಿಮಿಷ ಹೀಗೆ ಮಾಡಿದರೆ ಎದೆಬಡಿತ ಹತೋಟಿಗೆ ಬರತೊಡಗುತ್ತದೆ.

* ಒಂದು ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ: ‘ಈಗ ಬೇಡ, ನಾಳೆ ಬೆಳಿಗ್ಗೆ ಎಂಟಕ್ಕೆ ಮಾತಾಡೋಣ.’ ಸಮಯ ಹೇಳುವುದು ಮುಖ್ಯ. ಸಮಯ ಹೇಳದೆ ಎದ್ದು ಹೋದರೆ ಅದು ಸಂಯಮವಲ್ಲ, ಮುನಿಸು.

* ‘ಯಾವಾಗಲೂ ಹೀಗೆ’, ‘ಬೇಕೆಂದೇ ಮಾಡಿದ್ದು’ ಎಂಬ ಯೋಚನೆಗಳನ್ನು ಅನುಮಾನಿಸಿ. ತಪ್ಪು ಇಂದಿನದು, ‘ಯಾವಾಗಲೂ’ ಎಂಬುದು ಸಿಟ್ಟು ಸೇರಿಸಿದ ಬಡ್ಡಿ.

* ನಾಲ್ವರೆದುರು ಬೈದಿದ್ದರೆ ನಾಲ್ವರೆದುರೇ ಕ್ಷಮೆ ಕೇಳಿ. ಗುಟ್ಟಿನಲ್ಲಿ ಕೇಳಿದ ಕ್ಷಮೆಯಿಂದ ಬಹಿರಂಗದ ಅವಮಾನ ತೊಳೆದುಹೋಗುವುದಿಲ್ಲ.

ಎಲ್ಲ ಸಿಟ್ಟೂ ರೋಗವಲ್ಲ

ಇಲ್ಲೊಂದು ಎಚ್ಚರ ಅಗತ್ಯ. ತೂಕದಲ್ಲಿ ನಿಜಕ್ಕೂ ಮೋಸವಾಗಿದ್ದರೆ ಆ ಮಹಿಳೆಯ ಅಸಮಾಧಾನ ನ್ಯಾಯವಾದುದು. ಆಕೆಗೆ ‘ಶಾಂತವಾಗಿರು’ ಎಂದು ಬುದ್ಧಿ ಹೇಳುವುದು ಸಲಹೆಯಲ್ಲ, ಬಾಯಿ ಮುಚ್ಚಿಸುವ ಉಪಾಯ. ಸಿಟ್ಟನ್ನು ಅಳಿಸಿಹಾಕುವುದು ಗುರಿಯಲ್ಲ. ಮಾತನ್ನು ಕೇಳುವಂತೆ ಹೇಳುವುದು, ತಕ್ಕಡಿಯನ್ನು ಮತ್ತೊಮ್ಮೆ ಪರೀಕ್ಷಿಸಿ ಎಂದು ಕೇಳುವುದು, ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಎದುರಿನವರಲ್ಲೂ ಇರುವುದು ಗುರಿ.

ಇನ್ನು, ಕೈ ಮಾಡುವ ಹಂತಕ್ಕೆ ಹೋಗುತ್ತಿದ್ದರೆ, ಮನೆಯ ಮಕ್ಕಳು ನಿಮ್ಮ ಹೆಜ್ಜೆಯ ಸಪ್ಪಳಕ್ಕೇ ಹೆದರುತ್ತಿದ್ದರೆ ಸ್ವಪ್ರಯತ್ನವೊಂದನ್ನೇ ನೆಚ್ಚಬಾರದು. ಖಿನ್ನತೆ, ಮದ್ಯವ್ಯಸನ, ಥೈರಾಯ್ಡ್ ತೊಂದರೆ, ಮಧುಮೇಹಿಗಳಲ್ಲಿ ಸಕ್ಕರೆ ಅಂಶ ಕುಸಿಯುವುದು ಕೂಡ ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರ ಸಂಸ್ಥೆ. ಮನೆಯಲ್ಲಿ ಪೆಟ್ಟು ತಿನ್ನುತ್ತಿರುವವರು ಎದುರಿನವರ ಸಿಟ್ಟು ತಣಿಯಲೆಂದು ಕಾಯಬೇಕಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ಇವೆ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬಾಳೂರಿನ ಆ ಸಂಜೆ ಮಾಲೀಕರು ಮಾಡಬೇಕಾಗಿದ್ದುದು ಇಷ್ಟೇ: ಒಂದು ನಿಮಿಷ ಸುಮ್ಮನಿದ್ದು, ‘ಇನ್ನೊಮ್ಮೆ ತೂಗಿ ನೋಡೋಣಮ್ಮ’ ಎನ್ನುವುದು. ಬ್ಯಾಂಕಿನವರಿಗೆ ಸಲ್ಲಿಸಿದ ವಿನಯದ ಅರ್ಧದಷ್ಟು ಆಕೆಗೂ ಸಂದಿದ್ದರೆ ಸಾಕಿತ್ತು, ಮರುದಿನ ಜೀಪು ಅವರ ತೋಟದ ಕಡೆಗೇ ಬರುತ್ತಿತ್ತು.