ಗಂಡುಗಲಿಯನ್ನು ಮರೆತೆವೆ?

ರಾಜಾಜಿನಗರದ ನವರಂಗ್ ವೃತ್ತದಲ್ಲಿ ಸಂಜೆಯ ಹೊತ್ತು ಐದು ನಿಮಿಷ ನಿಂತು ನೋಡಿ. ಸಾಲುಗಟ್ಟಿ ಸಾಗುವ ಆಟೋರಿಕ್ಷಾಗಳಲ್ಲಿ ಒಂದಲ್ಲ ಒಂದರ ಬೆನ್ನ ಮೇಲೆ ಆ ಪರಿಚಿತ ಮುಖ ನಗುತ್ತಿರುತ್ತದೆ. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ. ಆಗ ಅವರಿಗೆ 35 ವರ್ಷ. ಅನಂತರ ಹುಟ್ಟಿದ ಹುಡುಗರೂ ಇಂದು ಅವರ ಚಿತ್ರವನ್ನು ತಮ್ಮ ವಾಹನಗಳಿಗೆ ಅಂಟಿಸಿಕೊಂಡಿದ್ದಾರೆ.

ಇಷ್ಟು ಪ್ರೀತಿಗೆ ಪಾತ್ರರಾದವರನ್ನು ‘ಅಲಕ್ಷಿತ ನಟ’ ಎನ್ನಬಹುದೆ ಎಂದು ವಾಚಕರು ಕೇಳಬಹುದು. ಎನ್ನಬಹುದು, ಅದಕ್ಕೆ ಕಾರಣವೂ ಉಂಟು.

ಮೊನ್ನೆ ಕೆಂಗೇರಿಯಿಂದ ಬರುವಾಗ ಆಟೋ ಚಾಲಕರನ್ನು ಮಾತಿಗೆಳೆದೆ. “ಅಣ್ಣಂದು ಎಲ್ಲಾ ಪಿಕ್ಚರ್ ನೋಡಿದೀನಿ ಸ್ವಾಮಿ” ಎಂದರು ಅವರು. “ಒಂದಾನೊಂದು ಕಾಲದಲ್ಲಿ?” ಎಂದು ಕೇಳಿದೆ. “ಅದು ಅವಾರ್ಡ್ ಪಿಕ್ಚರ್ ಅಲ್ವಾ? ಅದೊಂದು ನೋಡಿಲ್ಲ” ಎಂದು ನಕ್ಕರು. ಅದೇ ಸಂಜೆ ಬಸವೇಶ್ವರನಗರದಲ್ಲಿ ಓದು ಬರಹ ಬಲ್ಲ ಮಿತ್ರರೊಬ್ಬರ ಮನೆಗೆ ಹೋದೆ. ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದ ಶಂಕರ್ ನಾಗ್ ಅವರಿಗೆ ಪೂಜ್ಯರು. ‘ಎಸ್. ಪಿ. ಸಾಂಗ್ಲಿಯಾನ’ದ ಹೆಸರೆತ್ತಿದೊಡನೆ, “ಅದೆಲ್ಲ ಹೊಡೆದಾಟದ ಚಿತ್ರ ಬಿಡಿ” ಎಂದು ಕಾಫಿಯ ಲೋಟ ಕೆಳಗಿಟ್ಟರು.

ಒಬ್ಬನೇ ನಟನನ್ನು ನಾವು ಹೀಗೆ ಎರಡಾಗಿ ಸೀಳಿಟ್ಟಿದ್ದೇವೆ. ನಾಟಕಪ್ರಿಯರಿಗೆ ಅವರ ನೆನಪಿನಲ್ಲಿ 2004ರಲ್ಲಿ ತೆರೆದ ರಂಗಶಂಕರವಿದೆ. ಚಾಲಕರಿಗೆ ‘ಆಟೋ ರಾಜ’ ಇದ್ದಾನೆ. ಆದರೆ ಹೊಡೆದಾಟವೂ ಅಭಿನಯದ ಒಂದು ಅಂಗವೆಂದು ಕನ್ನಡದ ತೆರೆಯ ಮೇಲೆ ತೋರಿಸಿಕೊಟ್ಟ ಆ ಕಾದಾಳು ನಟನ ಲೆಕ್ಕವನ್ನು ಇಟ್ಟವರು ಕಡಿಮೆ. ‘ಕರಾಟೆ ಕಿಂಗ್’ ಎಂಬ ಬಿರುದನ್ನಿತ್ತು ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು.

ಆದುದರಿಂದ ಈ ಲೇಖನ ಒಂದು ಶಿಫಾರಸು ಪತ್ರ. ಮೊದಲ ಶಿಫಾರಸು ಚಾಲಕ ಮಿತ್ರರಿಗೆ.

‘ಒಂದಾನೊಂದು ಕಾಲದಲ್ಲಿ’ 1978ರ ಚಿತ್ರ. ಗಿರೀಶ ಕಾರ್ನಾಡರು ನಿರ್ದೇಶಕರು, ಛಾಯಾಗ್ರಹಣ ಎ. ಕೆ. ಬೀರ್ ಅವರದು. ಜಪಾನಿನ ಅಕಿರ ಕುರೊಸಾವಾ ತೆಗೆದ ‘ಸೆವೆನ್ ಸಮುರಾಯ್’ (1954), ‘ಯೋಜಿಂಬೊ’ (1961) ಚಿತ್ರಗಳ ನೆರಳು ಇದರ ಮೇಲಿದೆ. ಆದರೆ ನೆಲ ನಮ್ಮದು, ಕಾಲ ಹೊಯ್ಸಳರದು. ಕೂಲಿಗೆ ಕತ್ತಿ ಹಿಡಿಯುವ ಗಂಡುಗಲಿ, ತಮ್ಮತಮ್ಮಲ್ಲೇ ಕಾದಾಡುವ ಇಬ್ಬರು ಸೋದರ ನಾಯಕರಲ್ಲಿ ಒಬ್ಬನ ಕಡೆ ಸೇರುತ್ತಾನೆ. ಎದುರು ಪಕ್ಷದಲ್ಲಿರುವವನು ಹಳೆಯ ಹುಲಿ ಪೆರ್ಮಾಡಿ. ಶತ್ರುಗಳಾದ ಈ ಇಬ್ಬರು ಯೋಧರು ಒಬ್ಬರಲ್ಲೊಬ್ಬರು ತಮ್ಮನ್ನೇ ಕಂಡುಕೊಳ್ಳುವುದೇ ಕಥೆಯ ಜೀವಾಳ. ಮುಂದಿನದನ್ನು ಹೇಳಿ ನಿಮ್ಮ ಸವಿಯನ್ನು ಕೆಡಿಸಲಾರೆ.

ಇದು ಶಂಕರ್ ನಾಗ್ ಅವರ ಮೊದಲ ಕನ್ನಡ ಚಿತ್ರ. ಗಂಡುಗಲಿಯ ಪಾತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಅವರಿಗೆ ಬಂದಿತು. ಪ್ರಶಸ್ತಿ ಬಂದದ್ದು ಕತ್ತಿವರಸೆಯ ಪಾತ್ರಕ್ಕೆ ಎಂಬುದನ್ನು ಮಾತ್ರ ನಾವು ಮರೆತೆವು! ಪೆರ್ಮಾಡಿಯಾಗಿ ಸುಂದರ್ ಕೃಷ್ಣ ಅರಸ್ ಅವರದು ಅದಕ್ಕೆ ಸರಿಸಮನಾದ ಅಭಿನಯ. ಆ ಕಂಠ, ಆ ನಿಲುವುಗಳನ್ನು ಬಲ್ಲವರು ಇಂದು ವಿರಳ. ವಿಜಯನಗರದ ನನ್ನ ಸೋದರಳಿಯನೊಡನೆ ಈ ಚಿತ್ರವನ್ನು ಮತ್ತೆ ನೋಡಿದೆ. ಹಗ್ಗ ಕಟ್ಟಿ ಹಾರಾಡುವ ಇಂದಿನ ವೀರರನ್ನು ಕಂಡು ಬೆಳೆದ ಹುಡುಗ ಅವನು. ಅರ್ಧ ಗಂಟೆ ಸುಮ್ಮನಿದ್ದು, “ಮಾವ, ಇವರು ನಿಜವಾಗಿ ಹೊಡೆದಾಡ್ತಿದ್ದಾರೆ ಅನ್ಸುತ್ತಲ್ಲ!” ಎಂದ. ಇದಕ್ಕಿಂತ ದೊಡ್ಡ ವಿಮರ್ಶೆ ನನ್ನಿಂದಾಗದು.

ಎರಡನೆಯ ಶಿಫಾರಸು ಕಾಫಿಯ ಲೋಟ ಕೆಳಗಿಟ್ಟ ಮಿತ್ರರಿಗೆ. ಪಿ. ನಂಜುಂಡಪ್ಪನವರು ನಿರ್ದೇಶಿಸಿದ ‘ಎಸ್. ಪಿ. ಸಾಂಗ್ಲಿಯಾನ’ (1988) ಚಿತ್ರವನ್ನು ಒಮ್ಮೆ ಬಿಗುಮಾನ ಬಿಟ್ಟು ನೋಡಿ. ಆ ಕಾಲದಲ್ಲಿ ಹೆಸರಾಗಿದ್ದ ಪೊಲೀಸ್ ಅಧಿಕಾರಿಯ ಹೆಸರನ್ನೇ ಹೊತ್ತ ಈ ಚಿತ್ರದಲ್ಲಿ ನಾಯಕ ವೇಷದ ಮೇಲೆ ವೇಷ ಹಾಕುತ್ತಾನೆ. ಕಥೆ ಸಾಧಾರಣವೇ ಇರಬಹುದು. ಆದರೆ ರಂಗಭೂಮಿಯಲ್ಲಿ ಪಳಗಿದ ಮೈ ಪ್ರತಿಯೊಂದು ವೇಷಕ್ಕೂ ಬೇರೊಂದು ನಡಿಗೆಯನ್ನು ಹೇಗೆ ಕೊಡುತ್ತದೆಂಬುದನ್ನು ಗಮನಿಸಿ. ಗರಡಿಯ ಉಸ್ತಾದರಿಗೆ ಪಟ್ಟು ಹೇಗೋ, ನಟನಿಗೆ ನಡಿಗೆ ಹಾಗೆ.

ಎರಡೂ ಪಕ್ಷದವರು ಕೂಡಿ ನೋಡತಕ್ಕದ್ದು ‘ಮಿಂಚಿನ ಓಟ’ (1980). ನಿರ್ದೇಶನವೂ ಅವರದೇ, ಅದೂ ಮೊದಲನೆಯದು. ಜೊತೆಗೆ ಅಣ್ಣ ಅನಂತ ನಾಗ್. ಕಾರುಗಳ್ಳರ, ಸೆರೆಮನೆಯಿಂದ ಪಾರಾಗುವವರ ಕಥೆಯಿದು. ಇಲ್ಲಿ ಸಾಹಸವೆಂದರೆ ಬರಿಯ ಮುಷ್ಟಿಯಲ್ಲ. ಬಿಡುಗಡೆಗಾಗಿ ಮನುಷ್ಯ ಪಡುವ ಹಂಬಲ.

‘ಎಂಟರ್ ದಿ ಡ್ರ್ಯಾಗನ್’ಖ್ಯಾತಿಯ ಬ್ರೂಸ್ ಲೀ 1973ರಲ್ಲಿ ತೀರಿಕೊಂಡಾಗ ಅವನಿಗೆ 32 ವರ್ಷ. ಅವನ ಕೈಬೆರಳೆಣಿಕೆಯ ಚಿತ್ರಗಳ ಒಂದೊಂದು ಏಟನ್ನೂ ಲೋಕ ಇಂದಿಗೂ ಅಭ್ಯಸಿಸುತ್ತಿದೆ. 12 ವರ್ಷಗಳಲ್ಲಿ 80ಕ್ಕೂ ಮಿಕ್ಕಿ ಚಿತ್ರಗಳಲ್ಲಿ ಅಭಿನಯಿಸಿದ ನಮ್ಮವರ ಮುಖವನ್ನು ನಾವು ಕಾಪಾಡಿಕೊಂಡಿದ್ದೇವೆ. ಕೆಲಸವನ್ನು ನೋಡುವುದನ್ನು ಬಿಟ್ಟಿದ್ದೇವೆ. ನೋಡುವವರಿಲ್ಲದ ಚಿತ್ರವನ್ನು ಜೋಪಾನ ಮಾಡುವವರೂ ಇರುವುದಿಲ್ಲ. ಮುಖ ಉಳಿದು ಕೆಲಸ ಅಳಿದರೆ, ಆ ಪ್ರೀತಿಗೆ ಅರ್ಥವೇನು?

ಇಳಿಯುವಾಗ ಆ ಚಾಲಕರಿಗೆ ಚಿತ್ರದ ಹೆಸರನ್ನು ಮತ್ತೊಮ್ಮೆ ಹೇಳಿದೆ. “ಅದರಲ್ಲಿ ಅಣ್ಣ ಫೈಟ್ ಮಾಡ್ತಾರಾ ಸ್ವಾಮಿ?” ಎಂದು ಕೇಳಿದರು.

“ಅಣ್ಣನ ನಿಜವಾದ ಫೈಟ್ ಇರುವುದೇ ಅದರಲ್ಲಿ” ಎಂದೆ.