ಗುಮ್ಮಟದ ಆಚೆಯ ಸೀಮೆ

ವಿಜಯಪುರವೆಂದೊಡನೆ ಹೊರಗಿನವರ ಕಣ್ಮುಂದೆ ನಿಲ್ಲುವುದು ಗೋಳಗುಮ್ಮಟ. 1656ರಲ್ಲಿ ಗತಿಸಿದ ಮುಹಮ್ಮದ ಆದಿಲಶಾಹನ ಆ ಸಮಾಧಿಯನ್ನು ಕಂಡು, ಗುಮ್ಮಟದೊಳಗೆ ಪಿಸುಮಾತು ಮರುದನಿಗೊಡುವುದನ್ನು ಕೇಳಿ, ಅಂದೇ ಮರಳುವ ಪ್ರವಾಸಿಗರು ಹಲವರು. ಆದರೆ ಪಟ್ಟಣದ ಕೋಟೆಗೋಡೆಗಳನ್ನು ದಾಟಿ ಪಡುವಣಕ್ಕೆ ಸಾಗಿದವರಿಗೆ ಇನ್ನೊಂದು ಲೋಕ ತೆರೆದುಕೊಳ್ಳುತ್ತದೆ. ಅಥಣಿಯ ದಾರಿಯಲ್ಲಿ ತಿಕೋಟಾ. ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ. ಇವೆರಡರ ನಡುವೆ ಹರಡಿರುವ ನೆಲದ ಕಥೆಯೆಂದರೆ ನೀರಿಗಾಗಿ ಕಾದ ಜನರ ಕಥೆ.

ಆಡಳಿತದ ನಕಾಶೆಯಲ್ಲಿ ಈ ಎರಡು ಹೆಸರುಗಳೂ ಹೊಸವು. ವಿಜಾಪುರ ಜಿಲ್ಲೆಯು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡ ನಾಡನ್ನು ಸೇರಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ವಿಜಾಪುರವು ವಿಜಯಪುರವೆಂಬ ಹೆಸರನ್ನು ಪಡೆಯಿತು. ಐದು ತಾಲ್ಲೂಕುಗಳಿದ್ದ ಜಿಲ್ಲೆಯಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾದುದು 2017ರಲ್ಲಿ. ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ, ಬಬಲೇಶ್ವರಗಳು ಆಗ ಸ್ವತಂತ್ರ ತಾಲ್ಲೂಕುಗಳಾದವು.

ಜಿಲ್ಲೆಯ ತೆಂಕಣ ಅಂಚಿನಲ್ಲಿ ಕೃಷ್ಣೆ, ಬಡಗಣ ಅಂಚಿನಲ್ಲಿ ಭೀಮೆ. ಎರಡು ಮಹಾನದಿಗಳ ನಡುವಿನ ಈ ನಾಡು ಶತಮಾನಗಳಿಂದ ಬಾಯಾರಿಯೇ ಇದ್ದುದು ವಿಚಿತ್ರವೆನಿಸಬಹುದು. ಆದರೆ ನದಿಗಳು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ಎತ್ತರದಲ್ಲಿವೆ. ಆಕಾಶವಾದರೂ ಉದಾರಿಯಲ್ಲ: ವರ್ಷದ ಸರಾಸರಿ ಮಳೆ 600 ಮಿಲಿಮೀಟರನ್ನೂ ಮುಟ್ಟದು.

ಈ ಸೀಮೆಯ ಸ್ವಂತ ನದಿ ಡೋಣಿ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ಮೂಡಣಕ್ಕೆ ಹರಿದು, ಕಡೆಗೆ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಸವಳು; ಕುಡಿಯಲು ಒದಗದು. ಆದರೆ ಅದರ ಇಕ್ಕೆಲದ ಎರೆಭೂಮಿ ಮಾತ್ರ ಬಂಗಾರ. ಹಿಂಗಾರಿನಲ್ಲಿ ಒಂದು ಹದಮಳೆ ಬಿದ್ದರೆ ಸಾಕು, ಆ ಕರಿಮಣ್ಣು ತೇವವನ್ನು ಒಡಲಲ್ಲಿ ಹಿಡಿದಿಟ್ಟು ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬೆಳೆಸುತ್ತದೆ. ಡೋಣಿ ಒಲಿದರೆ ಓಣಿಯೆಲ್ಲ ಕಾಳೆಂದು ಹಿರಿಯರು ಹೇಳುವುದುಂಟು. ಒಲಿಯದಿದ್ದರೆ ಏನಾಗುತ್ತದೆಂಬುದನ್ನು ಜನಗಣತಿಯ ಪುಟಗಳು ಹೇಳುತ್ತವೆ.

1872ರಲ್ಲಿ, ಕಲಾದಗಿ ಜಿಲ್ಲೆಯೆಂದು ಕರೆಯಲಾಗುತ್ತಿದ್ದ ಅಂದಿನ ಅಖಂಡ ಜಿಲ್ಲೆಯಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಮತ್ತೆ ಎಣಿಸಿದಾಗ ಉಳಿದವರು ಸುಮಾರು 6 ಲಕ್ಷ 38 ಸಾವಿರ. ನಡುವೆ ಬಂದುಹೋದದ್ದು 1876ರ ಮಹಾಕ್ಷಾಮ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಾಣೆಯಾಗಿದ್ದರು. ಕೆಲವರು ಹಸಿವು ರೋಗಗಳಿಗೆ ತುತ್ತಾಗಿ, ಕೆಲವರು ಊರು ತೊರೆದು. ಹಗೇವಿನಲ್ಲಿ ಜೋಳ ತುಂಬಿಡುವ ಇಲ್ಲಿನ ರೈತನ ಮಿತವ್ಯಯದ ಹಿಂದೆ ಇಂಥ ನೆನಪುಗಳಿವೆ.

1885ರಲ್ಲಿ ಜಿಲ್ಲೆಯ ಮುಖ್ಯಸ್ಥಳ ವಿಜಾಪುರಕ್ಕೆ ಬಂದಿತು. ಪಾಳುಬಿದ್ದ ಅರಮನೆಗಳ ನಡುವೆ 1901ರಲ್ಲಿ ಆ ಪಟ್ಟಣದ ಜನಸಂಖ್ಯೆ 23,811. 2011ರ ಹೊತ್ತಿಗೆ ಅದೇ ನಗರದಲ್ಲಿ 3 ಲಕ್ಷ 27 ಸಾವಿರ ಮಂದಿ! ಇಡೀ ಜಿಲ್ಲೆಯ ಲೆಕ್ಕ 21,77,331. ಆದರೂ ನೂರರಲ್ಲಿ 77 ಮಂದಿ ಹಳ್ಳಿಗರೇ. ಚದರ ಕಿಲೋಮೀಟರಿಗೆ ಸುಮಾರು 207 ಜನ. ರಾಜ್ಯದ ಸರಾಸರಿಯಾದ 319ಕ್ಕಿಂತ ಬಹಳ ಕಡಿಮೆ. ನೀರಿಲ್ಲದ ನೆಲವು ಹೆಚ್ಚು ಜನರನ್ನು ಹೊರಲಾರದು. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದ, ಕೇರಿಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗಾಗಿ ಗೋವೆಗೆ ಗುಳೆ ಹೋಗುವವು. ಮನೆ ಕಾಯಲು ಉಳಿಯುವವರು ಮುದುಕರು. ಶಾಲೆ ತಪ್ಪಿಸಿಕೊಳ್ಳುವವರು ಮಕ್ಕಳು.

ನೀರನ್ನು ಕಟ್ಟಿ ನಿಲ್ಲಿಸುವ ಯತ್ನ ಹೊಸದಲ್ಲ. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಹಿರಿಯ ಕೆರೆ, ನಗರದ ದಕ್ಷಿಣದ ಬೇಗಂ ತಲಾಬ್, ಇವೆರಡೂ ಗೋಳಗುಮ್ಮಟವನ್ನು ಕಟ್ಟಿಸಿದ ಅರಸನ ಕಾಲದವೇ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅನಂತರದ ದಶಕಗಳಲ್ಲಿ ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿ ಮೊದಲಾದ ಯೋಜನೆಗಳು ಬಂದವು. ತಗ್ಗಿನ ಕೃಷ್ಣೆಯನ್ನು ಯಂತ್ರಗಳು ಮೇಲೆತ್ತಿದವು. ಒಣಗಿದ್ದ ಕೆರೆಗಳ ತಳದಲ್ಲಿ ನೀರು ಹೊಳೆಯಿತು.

ಜೋಳದ ನಾಡಿನಲ್ಲಿ ಈಗ ದ್ರಾಕ್ಷಿಯ ಚಪ್ಪರಗಳು ಕಣ್ಣಿಗೆ ಬೀಳುತ್ತವೆ. ತಿಕೋಟಾದ ಸುತ್ತಮುತ್ತ ಬೇಸಗೆಯ ಆರಂಭದಲ್ಲಿ ಹೋದರೆ, ಉದ್ದನೆಯ ನೆರಳುಮನೆಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹಸಿ ಗೊಂಚಲುಗಳು ಒಣಗುತ್ತಿರುತ್ತವೆ. ಸುಮಾರು ಎರಡು ವಾರಗಳಲ್ಲಿ ಅವು ಒಣದ್ರಾಕ್ಷಿಯಾಗುತ್ತವೆ. ಮಳೆಗಾಗಿ ಜನ್ಮವಿಡೀ ಮುಗಿಲು ನೋಡಿದ ರೈತನು, ಆ ಎರಡು ವಾರ ಮಾತ್ರ ಮಳೆ ಬಾರದಿರಲೆಂದು ಹರಸಿಕೊಳ್ಳುತ್ತಾನೆ! ಅಕಾಲದ ಒಂದು ಹನಿಮಳೆ ವರ್ಷದ ದುಡಿಮೆಯ ಬಣ್ಣವನ್ನು ಕೆಡಿಸಬಲ್ಲುದು.

ನೀರು ಬಂದುದರಿಂದಲೇ ಎಲ್ಲವೂ ನೆಟ್ಟಗಾಗದು. ಆಳವಾದ ಎರೆಭೂಮಿಗೆ ಮಿತಿಮೀರಿ ನೀರುಣಿಸಿದರೆ ಸವಳು ಮೇಲೇಳುತ್ತದೆ. ಹೂಳು ತುಂಬಿ, ಮುಳ್ಳುಕಂಟಿ ಬೆಳೆದ ಡೋಣಿಯು ದೊಡ್ಡ ಮಳೆಯಲ್ಲಿ ದಡ ಮೀರಿ ನಿಂತ ಪೈರನ್ನು ನುಂಗುತ್ತದೆ.

2011ರ ಜನಗಣತಿಯಲ್ಲಿ ತಿಕೋಟಾ, ಬಬಲೇಶ್ವರಗಳಿಗೆ ತಾಲ್ಲೂಕಿನ ಪ್ರತ್ಯೇಕ ಲೆಕ್ಕವಿರಲಿಲ್ಲ. ಅವುಗಳ ಹೆಸರಿನಲ್ಲಿ ಮೊದಲ ಎಣಿಕೆ ನಡೆದಾಗ, ತಲೆಗಳ ಸಂಖ್ಯೆಗಿಂತ ಮುಖ್ಯವಾದುದು ಬೇರೊಂದಿದೆ: ಎಣಿಸುವವನು ಬಾಗಿಲು ತಟ್ಟಿದಾಗ ಮನೆಯವರು ಮನೆಯಲ್ಲಿರುವರೇ, ಬೀಗ ಹಾಕಿ ಗುಳೆ ಹೋಗಿರುವರೇ ಎಂಬುದು. ಕೃಷ್ಣೆಯನ್ನು ಮೇಲಕ್ಕೆತ್ತಿದ ಶ್ರಮದ ಫಲವನ್ನು ಅಳೆಯಲು ಅದಕ್ಕಿಂತ ಸರಿಯಾದ ಅಳತೆಗೋಲು ಇನ್ನೊಂದಿಲ್ಲ.